ಕಾಕಾನ ಕುರಿ ಯಾವ ಕಡೆ ಹೊಂಟಾವ?

‘ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.’

ಆ ಹೆಣ್ಣುದನಿಯನ್ನು ನಾವು ಒಂದೇ ರಾತ್ರಿಯಲ್ಲಿ ನಲವತ್ತು ಸಲವಾದರೂ ಕೇಳಿದ್ದೇವೆ. ಯಲಬುರ್ಗಾ ತಾಲ್ಲೂಕಿನ ನಮ್ಮೂರಿನಲ್ಲಿ ಅಮ್ಮ ತೀರಿಕೊಂಡ ರಾತ್ರಿ ಅದು. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ಹೆತ್ತವಳಿಗೆ ಅವ್ವ. ನಾನಾಗ ಪಿಯುಸಿ ಓದ್ತಿದ್ದೆ. ಸಂಕ್ರಾಂತಿ ಕಳೆದು ನಾಲ್ಕೈದು ದಿನ ಆಗಿತ್ತು. ಅಮ್ಮನ ಕಿರಿಮಗ, ನನ್ನ ಕಾಕಾ, ದೀಪಾವಳಿ ಮುಗಿಸಿ ಕುರಿ ಹಿಂಡು ಹೊಡಕೊಂಡು ಊರು ಬಿಟ್ಟವನು ಎಲ್ಲೋ ಇದ್ದ. ಎಲ್ಲಿ ಅನ್ನೋದೇ ಪ್ರಶ್ನೆ.

ಅವನ ಹತ್ತಿರ ಒಂದು ಹಳೇ ಕೀಪ್ಯಾಡ್ ಫೋನ್ ಇತ್ತು. ನಾಲ್ಕು ದಿನಕ್ಕೊಮ್ಮೆ ಯಾವುದಾದರೂ ಊರಿನ ಕಿರಾಣಿ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟು ಆಗ ನಮಗೊಂದು ಕಾಲ್ ಮಾಡ್ತಿದ್ದ. ಕೊನೆಯ ಸಲ ಮಾತಾಡಿದಾಗ ಕಾರಟಗಿ ಹತ್ತಿರದ ಭತ್ತದ ಗದ್ದೆಗಳಲ್ಲಿ ಇದ್ದೀನಿ ಅಂದಿದ್ದ. ಕಟಾವಾದ ಗದ್ದೆಯಲ್ಲಿ ಕುರಿ ತರುಬಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಒಂದಿಷ್ಟು ದುಡ್ಡು ಅಥವಾ ಕಾಳು.

ಬೆಳಗಿನ ಐದು ಗಂಟೆಗೆ ಅಪ್ಪ ನನ್ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಯಲಬುರ್ಗಾ ಬಸ್ ನಿಲ್ದಾಣಕ್ಕೆ ಬಂದ. ಅಲ್ಲಿ ಅವನು ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಗಾವತಿ ಬಸ್ಸಿನ ಕಂಡಕ್ಟರ್‌ಗೆ ಒಂದು ಮಾತು ಹೇಳಿದ. ಕುಷ್ಟಗಿ ಬಸ್ಸಿನ ಡ್ರೈವರ್‌ಗೆ ಒಂದು. ತಾವರಗೇರಾ ಕಡೆ ಹೊರಟಿದ್ದ ಟೆಂಪೋದವನಿಗೆ ಮಾತ್ರ ಚಹಾ ಕುಡಿಸಿ, ಭುಜದ ಮೇಲೆ ಕೈ ಹಾಕಿ, ಹತ್ತು ನಿಮಿಷ ಹೇಳಿದ. ನನ್ನ ದೊಡ್ಡಪ್ಪನ ಮಗ ಅಣ್ಣ ಅಷ್ಟೊತ್ತಿಗಾಗಲೇ ಬೈಕ್ ಹತ್ತಿ ಕೊಪ್ಪಳ, ಗಂಗಾವತಿ ದಾಟಿ ಕಾರಟಗಿಗೆ ಹೊರಟುಹೋಗಿದ್ದ.

‘ಕಾರಟಗ್ಯಾಗ ಅದಾನಂತ ಗೊತ್ತಲ್ಲ, ಮತ್ತ ತಾವರಗೇರಾದವಗ ಯಾಕ ಹೇಳ್ತಿ?’ ಅಂತ ನಾನು ಕೇಳಿದೆ.

‘ಅದಾನ ಅಲ್ಲ, ಇದ್ದ’ ಅಂದ ಅಪ್ಪ. ‘ಕಾಲುವಿಗೆ ನೀರು ಬಿಟ್ಟಾರ. ಎರಡನೇ ಬೆಳಿ ನಾಟಿ ಸುರು ಆದ ಮ್ಯಾಲ ಗದ್ದ್ಯಾಗ ಕುರಿ ಯಾರು ನಿಲ್ಲಾಕ ಬಿಡ್ತಾರ? ಕನಕಗಿರಿ ಮ್ಯಾಲಾಸಿ ತಾವರಗೇರಾ ಕಡೆ ಹತ್ತಿರತಾನ. ಅಲ್ಲಿ ತೊಗರಿ ಕೊಯ್ದು ಮುಗದೈತಿ.’

ಅಣ್ಣ ಕಾರಟಗಿಯಿಂದ ಬರಿಗೈಯಲ್ಲಿ ವಾಪಸ್ ಬಂದ. ಗದ್ದೆಯಲ್ಲಿ ನೀರು ನಿಂತಿತ್ತಂತೆ. ಗಂಗಾವತಿ ಕಂಡಕ್ಟರ್‌ಗೆ ಹೇಳಿದ ಮಾತು ಎಲ್ಲಿ ಉಳೀತೋ ಗೊತ್ತಾಗಲಿಲ್ಲ. ತಾವರಗೇರಾ ಟೆಂಪೋದವನ ಮಾತು ಮಧ್ಯಾಹ್ನ ಹನ್ನೆರಡಕ್ಕೆಲ್ಲ ಕಾಕಾನಿಗೆ ಮುಟ್ಟಿತ್ತು. ಆದರೂ ಸಂಜೆ ಐದಕ್ಕೆ ಅಮ್ಮನಿಗೆ ಮಣ್ಣು ಕೊಡುವಾಗ ಕಾಕಾ ಇರಲಿಲ್ಲ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ.

ತಂತಿ ಇಲ್ಲ, ಅವಸರವೂ ಇಲ್ಲ

ಎಂಜಿನಿಯರಿಂಗ್ ಕೊನೇ ವರ್ಷದಲ್ಲಿ ನಮ್ಮ ಗೈಡ್ ಮೇಡಂ ಪ್ರಾಜೆಕ್ಟ್ ವಿಷಯಗಳ ಪಟ್ಟಿ ಕೊಟ್ಟರು. ಅದರಲ್ಲೊಂದು ‘ಡಿಲೇ ಟಾಲರೆಂಟ್ ನೆಟ್‌ವರ್ಕ್‌ಗಳಲ್ಲಿ ಸ್ಥಳ ಆಧಾರಿತ ಸಂದೇಶ ರವಾನೆ’. ಗೆಳತಿಯರೆಲ್ಲ ಮೆಷಿನ್ ಲರ್ನಿಂಗ್ ಹಿಡಿದರು. ನಾನು ಇದನ್ನ ತಗೊಂಡೆ. ಮೊದಲ ಪೇಪರಿನ ಮೊದಲ ಚಿತ್ರ ನೋಡಿದಾಗಲೇ ನನಗೆ ಯಲಬುರ್ಗಾ ಬಸ್ ನಿಲ್ದಾಣ ನೆನಪಾಗಿತ್ತು.

ವಿಷಯ ಇಷ್ಟು. ನಿಮ್ಮ ವಾಟ್ಸ್ಆ್ಯಪ್ ಮೆಸೇಜ್ ಹೋಗಬೇಕಾದರೆ ಫೋನು, ಟವರು, ಕೇಬಲ್ಲು, ಸರ್ವರು, ಪ್ರತಿ ಕೊಂಡಿಯೂ ತನ್ನ ಸರದಿ ಬಂದಾಗ ಜೀವಂತ ಇರಬೇಕು. ಇಂಟರ್‌ನೆಟ್ ಹುಟ್ಟಿದ್ದೇ ಈ ನಂಬಿಕೆಯ ಮೇಲೆ. ದಾರಿ ಯಾವಾಗಲೂ ಇರುತ್ತೆ, ಉತ್ತರ ಕ್ಷಣದಲ್ಲಿ ಬರುತ್ತೆ, ಬರದಿದ್ದರೆ ಪ್ಯಾಕೆಟ್ ಬಿಸಾಡಿ ಮತ್ತೆ ಕಳಿಸಿದರಾಯ್ತು. ಆದರೆ ಮಂಗಳ ಗ್ರಹದ ಜೊತೆ ಹೀಗೆ ಮಾತಾಡೋಕಾಗಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಕಕ್ಷೆ ಸೇರಿದಾಗ ಅದರ ಒಂದೊಂದು ಸುದ್ದಿಯೂ ಭೂಮಿಗೆ ಬರಲು ಸುಮಾರು 12 ನಿಮಿಷ ಹಿಡಿದಿತ್ತು. ಗ್ರಹ ಅಡ್ಡ ಬಂದರೆ ಅದೂ ಇಲ್ಲ.

ಇಂಥ ಕಡೆಗಾಗಿ ಬಾಹ್ಯಾಕಾಶದವರು ಯೋಚಿಸಿದ್ದನ್ನ ನೆಲಕ್ಕೆ ಇಳಿಸಿದವರಲ್ಲಿ ಇಂಟೆಲ್ ಸಂಶೋಧನಾ ವಿಭಾಗದ ಕೆವಿನ್ ಫಾಲ್ ಮುಖ್ಯರು. 2003ರ ಅವರ ಪ್ರಬಂಧ ಹೇಳಿದ್ದು ಸರಳ: ದಾರಿ ಇಲ್ಲದಿದ್ದರೆ ಸಂದೇಶ ಬಿಸಾಡಬೇಡಿ, ಇಟ್ಟುಕೊಳ್ಳಿ. ಹೊತ್ತು ನಡೆಯಿರಿ. ಮುಂದಿನವರು ಸಿಕ್ಕಾಗ ಕೊಡಿ. 2024ರ ಫೆಬ್ರುವರಿಯಲ್ಲಿ ಹಾರಿದ ನಾಸಾದ ‘ಪೇಸ್’ ಉಪಗ್ರಹ ಈ ಪದ್ಧತಿಯನ್ನು ದಿನನಿತ್ಯದ ಕೆಲಸಕ್ಕೇ ಬಳಸುತ್ತಿದೆ.

ಇಟ್ಟುಕೊಳ್ಳೋದು, ಹೊರೋದು, ಕೊಡೋದು. ನಮ್ಮಪ್ಪ ಪೇಪರ್ ಓದಿರಲಿಲ್ಲ ಅಷ್ಟೇ.

ದೊಡ್ಡಬಳ್ಳಾಪುರದ ಬಸ್ಸು

ಇದು ನಮ್ಮ ರಾಜ್ಯದಲ್ಲೇ, ಸರ್ಕಾರಿ ಬಸ್ಸಿನಲ್ಲೇ ಒಮ್ಮೆ ನಡೆದಿದೆ ಅಂತ ಗೊತ್ತಾದ ದಿನ ನಾನು ಹಾಸ್ಟೆಲ್ಲಿನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಭೂಮಿ ಯೋಜನೆ ನಿಮಗೆ ಗೊತ್ತಿರಬಹುದು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ನಮ್ಮ ಕಡೆ ಪಹಣಿಗೆ ಉತಾರ ಅಂತಾರೆ. ಗ್ರಾಮ ಲೆಕ್ಕಿಗರ ಮನೆ ಕಾಯೋದು ತಪ್ಪಿತು, 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬಂತು. ಆದರೆ ಅದು ಸಿಗುತ್ತಿದ್ದುದು ತಾಲ್ಲೂಕು ಕೇಂದ್ರದಲ್ಲಿ. ಒಂದು ಹಾಳೆಗೆ ಒಂದು ದಿನದ ಕೂಲಿ, ಬಸ್ ಚಾರ್ಜು. ಹಳ್ಳಿಗೆ ಇಂಟರ್‌ನೆಟ್ ಎಳೆಯೋಣ ಅಂದರೆ ಆಗಿನ ದರದಲ್ಲಿ ಅದು ಆಗದ ಮಾತು.

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಿಂದ ಬಂದ ಅಲೆಕ್ಸ್ ಪೆಂಟ್‌ಲ್ಯಾಂಡ್, ರಿಚರ್ಡ್ ಫ್ಲೆಚರ್, ಅಮೀರ್ ಹಸನ್ ಅವರ ತಂಡ ಒಂದು ಉಪಾಯ ಮಾಡಿತು. ದೊಡ್ಡಬಳ್ಳಾಪುರದಿಂದ ಹಳ್ಳಿಗಳಿಗೆ ಓಡುವ ಸರ್ಕಾರಿ ಬಸ್ಸಿನಲ್ಲಿ ವೈಫೈ ಇರುವ ಒಂದು ಪೆಟ್ಟಿಗೆ ಕೂರಿಸಿದರು. ಹಳ್ಳಿಯ ಕಿಯಾಸ್ಕಿನಲ್ಲಿ ಒಂದು ಕಂಪ್ಯೂಟರ್, ಅದಕ್ಕೊಂದು ವೈಫೈ. ರೈತ ಬಂದು ಉತಾರ ಬೇಕು ಅಂತ ಕೇಳುತ್ತಾನೆ, ಕೋರಿಕೆ ಕಂಪ್ಯೂಟರಿನಲ್ಲಿ ಕೂತಿರುತ್ತೆ. ಬಸ್ಸು ಹಾದುಹೋಗುವಾಗ ಪೆಟ್ಟಿಗೆಗೆ ಹತ್ತುತ್ತೆ. ಊರೂರು ಸುತ್ತಿ ತಾಲ್ಲೂಕು ಕೇಂದ್ರ ತಲುಪಿದಾಗ ಇಳಿಯುತ್ತೆ. ಉತ್ತರ ಮುಂದಿನ ಟ್ರಿಪ್ಪಿಗೆ ವಾಪಸ್ ಬರುತ್ತೆ. ಹೆಸರು ಡಾಕ್‌ನೆಟ್. ಡಾಕ್ ಅಂದರೆ ಹಿಂದಿಯಲ್ಲಿ ಅಂಚೆ.

ಬಸ್ಸು ಒಂದು ಕಿಯಾಸ್ಕಿನ ವೈಫೈ ಹರವಿನಲ್ಲಿ ಇರುತ್ತಿದ್ದುದು ಸರಾಸರಿ ಎರಡೂವರೆ ನಿಮಿಷ. ಅಷ್ಟರಲ್ಲಿ ಸುಮಾರು 20 ಮೆಗಾಬೈಟ್ ಡೇಟಾ ದಾಟುತ್ತಿತ್ತು ಎಂದು 2004ರ ಜನವರಿಯಲ್ಲಿ ಆ ತಂಡ ಪ್ರಕಟಿಸಿದ ಲೇಖನ ಹೇಳುತ್ತದೆ. ನೀವು ಇವತ್ತು ಒಂದು ರೀಲ್ಸ್ ನೋಡಿ ಮುಗಿಸುವ ಡೇಟಾ. ಆದರೆ ಒಂದು ಉತಾರ ಎಷ್ಟು ದೊಡ್ಡದು ಹೇಳಿ? ಒಂದೇ ನಿಲುಗಡೆಯಲ್ಲಿ ಊರಿಗೆ ಊರೇ ಬಸ್ ಹತ್ತಬಹುದಿತ್ತು. ಅದೇ ತಂಡದ ಪೆಟ್ಟಿಗೆಗಳು ಕಾಂಬೋಡಿಯಾದ ರತನಕಿರಿ ಪ್ರಾಂತ್ಯದಲ್ಲಿ ಮೋಟರ್‌ಬೈಕ್ ಹತ್ತಿ ಶಾಲೆಯಿಂದ ಶಾಲೆಗೆ ಇಮೇಲ್ ಹೊತ್ತವು.

ಡಾಕ್‌ನೆಟ್ಟಿನಲ್ಲಿ ಒಂದು ಅನುಕೂಲ ಇತ್ತು. ಬಸ್ಸಿನ ದಾರಿ ಗೊತ್ತು, ಊರು ಎಲ್ಲೂ ಓಡಿಹೋಗಲ್ಲ. ಹಾಗಾಗಿ ‘ಯಾರ ಕೈಗೆ ಕೊಡಲಿ’ ಅನ್ನೋ ಪ್ರಶ್ನೆಯೇ ಇಲ್ಲ. ಅಸಲಿ ತಲೆನೋವು ಶುರುವಾಗೋದು ಹತ್ತು ಬಸ್ಸು ಹತ್ತು ದಿಕ್ಕಿಗೆ ಹೊರಟಾಗ.

ಯಾರ ಕೈಗೆ ಕೊಡೋದು?

ಅತಿ ಸುಲಭದ ಉತ್ತರ: ಎಲ್ಲರಿಗೂ ಕೊಡು. ಎದುರಾದ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ. ಡ್ಯೂಕ್ ವಿಶ್ವವಿದ್ಯಾಲಯದ ಅಮೀನ್ ವಹದತ್, ಡೇವಿಡ್ ಬೆಕರ್ 2000ದಲ್ಲಿ ಇದನ್ನು ಬರೆದಾಗ ‘ಎಪಿಡೆಮಿಕ್’ ಅಂತಲೇ ಕರೆದರು, ಸಾಂಕ್ರಾಮಿಕ ರೋಗ ಹರಡಿದ ಹಾಗೆ. ಸಂದೇಶ ಮುಟ್ಟುತ್ತೆ, ಅನುಮಾನ ಬೇಡ. ಆದರೆ ಎಲ್ಲರ ಫೋನಿನ ಮೆಮೊರಿ, ಬ್ಯಾಟರಿ ಕುಡಿದು ಮುಟ್ಟುತ್ತೆ. ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹೇಗೆ ಹರಡುತ್ತೆ ಅಂತ ಗೊತ್ತಿರೋರಿಗೆ ಇದನ್ನ ವಿವರಿಸಬೇಕಿಲ್ಲ.

ಎರಡನೇ ಉಪಾಯ, ನಾಲ್ಕೇ ನಾಲ್ಕು ಪ್ರತಿ ಮಾಡು, ನಾಲ್ವರಿಗೆ ಕೊಟ್ಟು ಕಾಯಿ. 2005ರಲ್ಲಿ ಬಂದ ಈ ಪದ್ಧತಿಗೆ ‘ಸ್ಪ್ರೇ ಅಂಡ್ ವೇಟ್’ ಅಂತ ಹೆಸರು. ಅಪ್ಪ ಮಾಡಿದ್ದು ಅರ್ಧ ಇದೇ. ಆದರೆ ಯಾವ ನಾಲ್ವರು?

ಇಲ್ಲಿ ಬರುತ್ತೆ ಸ್ಥಳ. ಜಿಪಿಎಸ್ ಇರೋ ಫೋನಿಗೆ ತಾನೆಲ್ಲಿದ್ದೀನಿ ಗೊತ್ತು. ಮುಟ್ಟಬೇಕಾದ ಜಾಗ ಎಲ್ಲಿದೆ ಅಂತಲೂ ಗೊತ್ತಿದೆ ಅಂದುಕೊಳ್ಳಿ. ಹಾಗಾದರೆ ಆ ಜಾಗಕ್ಕೆ ನನಗಿಂತ ಹತ್ತಿರ ಇರೋನಿಗೆ ಕೊಟ್ಟುಬಿಡೋದು. ಕೇಳೋಕೆ ಸರಿ ಅನ್ಸುತ್ತೆ. ಆದರೆ ಈಗ ಹತ್ತಿರ ಇರೋನು ಆ ಕಡೆಯೇ ಹೋಗ್ತಿದ್ದಾನಾ?

ಒಂದು ಉದಾಹರಣೆ ತಗೊಳ್ಳೋಣ. ನೀವು ಯಲಬುರ್ಗಾ ನಿಲ್ದಾಣದಲ್ಲಿದ್ದೀರಿ. ಸಂದೇಶ ಹೋಗಬೇಕಾದ್ದು ಕುಷ್ಟಗಿ ತಾಲ್ಲೂಕಿನ ಹನುಮಸಾಗರಕ್ಕೆ. ಎದುರಿಗೆ ಮೂರು ಬಸ್ಸು: ಕೊಪ್ಪಳ, ಕುಷ್ಟಗಿ, ಗಜೇಂದ್ರಗಡ. ಮೂರೂ ಈಗ ಹನುಮಸಾಗರದಿಂದ ಒಂದೇ ದೂರದಲ್ಲಿವೆ, ಯಾಕಂದರೆ ಒಂದೇ ನಿಲ್ದಾಣದಲ್ಲಿ ನಿಂತಿವೆ. ನಕ್ಷೆಯ ಮೇಲಿನ ಚುಕ್ಕೆ ಇಲ್ಲಿ ಏನೂ ಹೇಳಲ್ಲ. ಬೋರ್ಡು ಹೇಳುತ್ತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇಬ್ಬರು ಸಂಶೋಧಕರು 2007ರಲ್ಲಿ ‘ಜಿಯಾಪ್ಸ್’ ಅನ್ನೋ ಪದ್ಧತಿಯಲ್ಲಿ ಮಾಡಿದ್ದು ಇದನ್ನೇ. ಪ್ರತಿ ವಾಹನಕ್ಕೆ ತನ್ನ ಮುಂದಿನ ದಾರಿ ಗೊತ್ತಿರುತ್ತೆ. ಆ ದಾರಿಯಲ್ಲಿ ಗುರಿಗೆ ಅತಿ ಹತ್ತಿರ ಬರೋ ಜಾಗ ಯಾವುದು, ಅಲ್ಲಿಗೆ ನಾನು ಎಷ್ಟೊತ್ತಿಗೆ ಮುಟ್ತೀನಿ, ಅಲ್ಲಿಂದಾಚೆ ಇನ್ನೆಷ್ಟು ಹೊತ್ತು ಬೇಕಾಗಬಹುದು, ಇವೆರಡನ್ನೂ ಕೂಡಿಸು. ಯಾರ ಮೊತ್ತ ಕಡಿಮೆಯೋ ಅವರ ಕೈಗೆ ಸಂದೇಶ. ದಾರಿಯಲ್ಲಿ ಇನ್ನೂ ಕಡಿಮೆ ಮೊತ್ತದ ವಾಹನ ಎದುರಾದರೆ ಅದಕ್ಕೆ ದಾಟಿಸು.

ಕೊಪ್ಪಳ ಬಸ್ಸು ಅಲ್ಲಿಗೇ ಬಿಟ್ಟುಹೋಯ್ತು. ಉಳಿದ ಎರಡೂ ಊರಿಂದ ಹನುಮಸಾಗರಕ್ಕೆ ರಸ್ತೆ ಇದೆ. ಗಜೇಂದ್ರಗಡದ್ದು ಈಗಲೇ ಹೊರಡ್ತಿದೆ, ಕುಷ್ಟಗಿ ಬಸ್ಸಿನ ಡ್ರೈವರ್ ಇನ್ನೂ ಮಿರ್ಚಿ ತಿಂತಿದ್ದಾನೆ ಅಂದರೆ ಸಂದೇಶ ಗಜೇಂದ್ರಗಡಕ್ಕೆ ಹತ್ತಲಿ.

ಸರಳ ರೇಖೆಯ ದೂರ ಎಷ್ಟು ಮೋಸ ಮಾಡುತ್ತೆ ನೋಡಬೇಕಾದರೆ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಗೆ ಹೋಗಿ. ಎದುರು ದಡದಲ್ಲಿ ಹಂಪಿಯ ಗೋಪುರ ಕಾಣುತ್ತೆ, ಗಂಟೆ ಕೇಳುತ್ತೆ. ಜಿಪಿಎಸ್ ಪ್ರಕಾರ ನೀವು ಹಂಪಿಗೆ ಇಷ್ಟೇ ಇಷ್ಟು ದೂರ. ಆದರೆ ನಡುವೆ ತುಂಗಭದ್ರೆ. ರಸ್ತೆ ಹಿಡಿದರೆ ಹತ್ತಾರು ಕಿಲೋಮೀಟರ್ ಸುತ್ತು. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿದ್ದದ್ದು ಆ ಭಾಗದವರಿಗೆ ನೆನಪಿದೆ. ‘ಹತ್ತಿರ ಇರೋನಿಗೆ ಕೊಡು’ ಅನ್ನೋ ಪ್ರೋಗ್ರಾಮು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ದಡದ ಮೇಲಿರೋ ಫೋನಿಗಿಂತ ಹತ್ತಿರ ಯಾರೂ ಇಲ್ಲ, ಆದರೆ ಅದು ದಾಟಿಸಲಾರದು.

ಹಾರ್ವರ್ಡಿನ ಬ್ರಾಡ್ ಕಾರ್ಪ್, ಎಚ್.ಟಿ. ಕುಂಗ್ 2000ದಲ್ಲಿ ಸೂಚಿಸಿದ ಪರಿಹಾರ, ಕತ್ತಲಲ್ಲಿ ಗೋಡೆ ಹಿಡಿದು ನಡೆಯೋ ಹಾಗೆ, ಅಡ್ಡಿಯ ಅಂಚನ್ನೇ ಹಿಡಿದು ಸುತ್ತಿ ಬಾ ಅನ್ನೋದು. ಎಲ್ಲೆಡೆ ಟವರ್ ಅಥವಾ ಸಾಧನ ತುಂಬಿದ್ದರೆ ಅದು ಸರಿ. ತಡ ಸಹಿಸುವ ಜಾಲಕ್ಕೆ ಇನ್ನೊಂದು ಆಯ್ಕೆ ಇದೆ. ಸುಮ್ಮನೆ ಕೂತುಕೋ. ಹರಗೋಲು ಬರುತ್ತೆ.

ಇದನ್ನ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡೋಕೆ ಫಿನ್ಲೆಂಡಿನವರು ಕಟ್ಟಿದ ‘ಒನ್’ ಅನ್ನೋ ಉಚಿತ ಸಿಮ್ಯುಲೇಟರ್ ಇದೆ. ಬಿಚ್ಚಿದ ಕೂಡಲೇ ಹೆಲ್ಸಿಂಕಿ ನಗರದ ನಕ್ಷೆ, ಅದರ ಮೇಲೆ ಓಡಾಡೋ ಟ್ರಾಮು, ಕಾರು, ಜನ. ನಾನು ಹೆಲ್ಸಿಂಕಿ ತೆಗೆದು ಕೊಪ್ಪಳ ಜಿಲ್ಲೆಯ ರಸ್ತೆ ಹಾಕಿದೆ. ನಿಲ್ದಾಣದಲ್ಲಿ ಬಣ್ಣದ ಅಕ್ಷರದಲ್ಲಿ ಬರೆದಿರೋ ವೇಳಾಪಟ್ಟಿಯ ಫೋಟೋ ತೆಗೆದು ಬಸ್ಸುಗಳನ್ನ ಓಡಿಸಿದೆ. ಮೂರು ವಾರ ಎಲ್ಲ ಚಂದ ನಡೀತು. ಊರಿಂದ ಊರಿಗೆ ಸಂದೇಶ ಮುಟ್ತಿತ್ತು, ಎಲ್ಲರಿಗೂ ಹಂಚುವ ಪದ್ಧತಿಗಿಂತ ಬಹಳ ಕಡಿಮೆ ಪ್ರತಿಗಳಲ್ಲಿ. ಆಮೇಲೆ ನಾನೊಂದು ಕುರಿ ಹಿಂಡನ್ನ ನಕ್ಷೆಗೆ ಬಿಟ್ಟೆ.

ಹಿಂಡಿನ ವಿಳಾಸ

ಅಲ್ಲಿಗೆ ಸೋತೆ. ಗುರಿಯೇ ನಡೀತಾ ಹೋದರೆ ಯಾವ ಬಸ್ಸಿನ ಬೋರ್ಡು ಓದೋದು? ಹಿಂಡು ಕೊನೆಗೆ ಕಂಡ ಜಾಗಕ್ಕೆ ಸಂದೇಶ ನಿಷ್ಠೆಯಿಂದ ಹೋಗಿ ಕೂತಿರ್ತಿತ್ತು, ನಮ್ಮ ಅಣ್ಣ ಕಾರಟಗಿಗೆ ಹೋಗಿ ನಿಂತ ಹಾಗೆ.

ಈ ಸಮಸ್ಯೆಗೆ ಹತ್ತಿರದ್ದು ಸಿಕ್ಕಿದ್ದು ಕೀನ್ಯಾದಲ್ಲಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ 2004ರಲ್ಲಿ ಅಲ್ಲಿನ ಜೀಬ್ರಾಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿತ್ತು. ಎರಡು ಜೀಬ್ರಾ ಹತ್ತಿರ ಬಂದಾಗ ಪಟ್ಟಿಗಳು ಒಂದರ ಓಡಾಟದ ಲೆಕ್ಕ ಇನ್ನೊಂದಕ್ಕೆ ಕೊಡ್ತಿದ್ದವು. ಸಂಶೋಧಕರು ಒಂದು ಜೀಬ್ರಾದ ಬಳಿ ಹೋದರೆ ಬೇರೆಯವುಗಳ ಸುದ್ದಿಯೂ ಸಿಗ್ತಿತ್ತು. ಹಿಂಡಿನ ಸುದ್ದಿ ಹಿಂಡಿಗೇ ಚೆನ್ನಾಗಿ ಗೊತ್ತು. ಕುರಿಗಾರರಲ್ಲೂ ಹೀಗೇ. ಎರಡು ಹಿಂಡು ಕೆರೆಯ ನೀರಿಗೆ ಬಂದಾಗ ಮೊದಲು ಕೇಳೋದು ಕುರಿ ಆರಾಮ ಅದಾವನು ಅಂತ, ಆಮೇಲೆ ಯಾರು ಎಲ್ಲಿ, ಯಾವ ಕಡೆ ಹೊಂಟಾರ ಅಂತ.

ನಾನು ಕಾಕಾನಿಗೆ ಒಮ್ಮೆ ಕೇಳಿದ್ದೆ. ಹಿಂಡು ಎಲ್ಲಿದೆ ಅಂತ ದಿನಾ ತಿಳಿಸೋ ಒಂದು ಸಣ್ಣ ಜಿಪಿಎಸ್ ಟಗರಿನ ಕೊರಳಿಗೆ ಕಟ್ಟಿದರೆ?

‘ಮತ್ತ ಕಳ್ಳರಿಗೆ ಯಾರ ಹೇಳಬೇಕು?’ ಅಂದ. ‘ಅವರೂ ಫೋನ್ ನೋಡ್ತಾರವ್ವಾ.’

ನಮ್ಮ ಪ್ರಾಜೆಕ್ಟಿನ ವೈವಾದಲ್ಲಿ ಹೊರಗಿಂದ ಬಂದ ಪರೀಕ್ಷಕರು ಇದೇ ಪ್ರಶ್ನೆ ಕೇಳಿದ್ದರು, ಸ್ವಲ್ಪ ಬೇರೆ ಮಾತಲ್ಲಿ. ಸ್ಥಳ ನೋಡಿ ಸಂದೇಶ ಕಳಿಸಬೇಕಾದರೆ ಸ್ಥಳ ಯಾರಿಗಾದರೂ ಗೊತ್ತಿರಬೇಕು. ಗೊತ್ತಿರೋರೆಲ್ಲ ಒಳ್ಳೆಯವರಾ? ಜಿಪಿಎಸ್ ಚುಕ್ಕೆ ಬದಲು ‘ಈ ವಾರ ತಾವರಗೇರಾ ಸುತ್ತಮುತ್ತ’ ಅನ್ನೋಷ್ಟು ಮಸುಕಾದ ಗುರುತು ಕೊಟ್ಟರೆ ಸಾಕು, ಉಳಿದದ್ದನ್ನ ಅಲ್ಲಿನವರು ನೋಡಿಕೊಳ್ತಾರೆ ಅಂತ ನಾನು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಮಾರ್ಕ್ಸ್ ಕೊಟ್ಟರು.

ಮಸುಕಾದ ವಿಳಾಸಕ್ಕೆ ನಮ್ಮ ನೆಲದಲ್ಲಿ ಬಹಳ ಹಳೆಯ ಸಾಕ್ಷಿ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನ ಶುರುವಾಗೋದೇ ಒಂದು ಕವರ್ ಮೇಲಿನ ವಿಳಾಸದ ಹಾಗೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ ಹೇಳಿಸುವುದು ಏನೆಂದರೆ, ಅಂತ. ಯಾರ ಹೆಸರೂ ಇಲ್ಲ. ಊರು, ಹುದ್ದೆ ಎರಡೇ. ಸುವರ್ಣಗಿರಿ ಅಂದರೆ ಹಳೇ ಗಂಗಾವತಿ ತಾಲ್ಲೂಕಿನ ಕನಕಗಿರಿ ಅಂತ ಕೆಲವು ವಿದ್ವಾಂಸರು, ಅಲ್ಲ ಅಂತ ಇನ್ನು ಕೆಲವರು. ನಾನು ನಮ್ಮ ಜಿಲ್ಲೆಯವಳು, ಮೊದಲನೆಯವರ ಕಡೆ. ಇಂಥ ಜಾಗದಲ್ಲಿ ಇರೋರಿಗೆಲ್ಲ ಅಂತ ಸಂದೇಶ ಕಳಿಸೋದಕ್ಕೆ ಇವತ್ತಿನ ಪುಸ್ತಕಗಳಲ್ಲಿ ‘ಜಿಯೋಕಾಸ್ಟ್’ ಅಂತಾರೆ.

ಈಗ ನಿಮ್ಮ ಪ್ರಶ್ನೆ ಗೊತ್ತು. ಎಲ್ಲಾ ಕಡೆ 4ಜಿ ಬಂದಿದೆ, ಕಾಕಾನೂ ಸ್ಮಾರ್ಟ್‌ಫೋನ್ ಹಿಡಿದಿದ್ದಾನೆ, ಇನ್ನು ಇದೆಲ್ಲ ಯಾಕೆ? ನಾನೂ ಬೆಂಗಳೂರಿನಲ್ಲಿ ಟೆಲಿಕಾಂ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರೋಳು, ಟವರಿನ ಅನ್ನ ತಿನ್ನೋಳು. ನಿತ್ಯದ ಮಾತಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ ನಾನು ನಿದ್ದೆ ಮಾಡಲಿಲ್ಲ. ಕಾಕಾ ಆಗ ಹೊಳೆ ದಂಡೆಯ ಕಡೆಯೇ ಇದ್ದ. ಅವತ್ತು ಫೋನ್ ಹತ್ತಿತು, ‘ದಿಬ್ಬದ ಮ್ಯಾಲ ಅದೀವಿ, ಮಲ್ಕೋ’ ಅಂದ. ಟವರಿಗೂ ಕರೆಂಟ್ ಬೇಕು, ಕರೆಂಟ್ ಹೋದರೆ ಬ್ಯಾಟರಿ ಕೆಲವು ಗಂಟೆ ಮಾತ್ರ ಅನ್ನೋದು ನನ್ನ ಕೆಲಸದಿಂದಲೇ ನನಗೆ ಗೊತ್ತು. ಅಂಥ ರಾತ್ರಿ ದಂಡೆಯ ಊರುಗಳ ಫೋನುಗಳು ಒಂದರಿಂದೊಂದಕ್ಕೆ, ನೀರಿನ ದಿಕ್ಕಿನಲ್ಲೇ ಮುಂದಕ್ಕೆ, ಸುದ್ದಿ ದಾಟಿಸೋ ಹಾಗಿದ್ದರೆ ಅಂತ ಅನ್ನಿಸಿದ್ದು ಸುಳ್ಳಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಒಂದು ಚಿಕ್ಕ ಪ್ರಯೋಗ ಮಾಡಿದ್ವಿ. ‘ಬ್ರಯಾರ್’ ಅಂತ ಒಂದು ಆ್ಯಂಡ್ರಾಯ್ಡ್ ಆ್ಯಪ್ ಇದೆ, ಇಂಟರ್‌ನೆಟ್ ಇಲ್ಲದಿದ್ದರೆ ಬ್ಲೂಟೂತ್, ವೈಫೈ ಮೇಲೆ ಪಕ್ಕದ ಫೋನಿಗೆ ದಾಟಿಸುತ್ತೆ. ನನ್ನ, ಅಣ್ಣನ, ಕಾಕಾನ ಫೋನಿಗೆ ಹಾಕಿ, ಮೂವರೂ ಸೇರಿದ ಒಂದು ಫೋರಮ್ ಮಾಡಿ, ಡೇಟಾ ಆಫ್ ಮಾಡಿದ್ವಿ. ನಾನು ಮನೆಯಲ್ಲಿ ಬರೆದೆ, ಅಣ್ಣ ಬಸ್ಸಿನಲ್ಲಿ ಕುಷ್ಟಗಿಗೆ ಹೋದ, ಹಿಂಡಿನ ಹತ್ತಿರ ನಿಂತ ಮೇಲೆ ಅದು ಕಾಕಾನ ಫೋನಿಗೆ ಇಳೀತು. ಆದರೆ ಅದಕ್ಕೆ ದಿಕ್ಕು ಗೊತ್ತಿಲ್ಲ. ಅಣ್ಣನಿಗೆ ಗೊತ್ತಿತ್ತು ಅಷ್ಟೇ. ಬ್ಯಾಟರಿನೂ ಸಿಕ್ಕಾಪಟ್ಟೆ ತಿಂತು.

ಬದಲಾದ ಮಾತು

ಮೊದಲು ಅರ್ಧಕ್ಕೆ ಬಿಟ್ಟದ್ದು ಈಗ ಹೇಳ್ತೀನಿ.

ಅಪ್ಪನ ಲೆಕ್ಕ ಸರಿ ಇತ್ತು. ತಾವರಗೇರಾದಲ್ಲಿ ಟೆಂಪೋದವನು ಒಬ್ಬ ರೈತನಿಗೆ ಹೇಳಿದ. ಆ ರೈತ ಹಿಂದಿನ ವಾರವಷ್ಟೇ ತನ್ನ ಹೊಲದಲ್ಲಿ ಕಾಕಾನ ಕುರಿ ತರುಬಿಸಿಕೊಂಡಿದ್ದ, ಹಿಂಡು ಯಾವ ಕಡೆ ಹೋಯ್ತು ಅಂತ ಅವನಿಗೆ ಗೊತ್ತಿತ್ತು. ತನ್ನ ಮಗನನ್ನ ಸೈಕಲ್ ಮೇಲೆ ಕಳಿಸಿದ. ಹನ್ನೆರಡು ಗಂಟೆ. ಒಂದು ಬೈಕ್ ಹಿಡಿದಿದ್ದರೆ ಕಾಕಾ ಮೂರಕ್ಕೆಲ್ಲ ಊರಲ್ಲಿ ಇರ್ತಿದ್ದ.

ಅಪ್ಪ ಹೇಳಿ ಕಳಿಸಿದ್ದು, ‘ಅವ್ವ ತೀರಿಕೊಂಡಾಳ, ಸಂಜಿಗೆ ಮಣ್ಣು, ಲಗೂನ ಬಾ.’ ಹುಡುಗ ಹೇಳಿದ್ದು, ‘ನಿಮ್ಮವ್ವಗ ಆರಾಮಿಲ್ಲಂತ, ಬರಾಕ ಹೇಳ್ಯಾರ.’ ಟೆಂಪೋದವನು ಬದಲಿಸಿದನೋ, ರೈತ ಬದಲಿಸಿದನೋ, ಹುಡುಗನಿಗೇ ಧೈರ್ಯ ಸಾಲಲಿಲ್ಲವೋ. ದೂರ ಇರೋರಿಗೆ ಸಾವಿನ ಸುದ್ದಿ ನೇರ ಹೇಳಬಾರದು ಅನ್ನೋದು ನಮ್ಮ ಕಡೆಯ ರೂಢಿ. ಮೂವರಲ್ಲಿ ಯಾರೂ ಕೆಟ್ಟವರಲ್ಲ. ಆರಾಮಿಲ್ಲ ಅಂದರೆ ವಯಸ್ಸಾದವಳು, ಇರುತ್ತೆ ಬಿಡು ಅಂದುಕೊಂಡ ಕಾಕಾ, ಹಿಂಡು ನೋಡಿಕೊಳ್ಳೋಕೆ ಆಳು ಗೊತ್ತು ಮಾಡಿ ಮರುದಿನ ಬೆಳಗಿನ ಬಸ್ ಹತ್ತಿದ. ಊರ ಅಗಸಿಯಲ್ಲಿ ಇಳಿದಾಗ ಮೊದಲು ಸಿಕ್ಕ ಹೆಣ್ಣುಮಗಳು ಅವನನ್ನ ನೋಡಿ ಅತ್ತಳು. ಆಗ ಗೊತ್ತಾಯ್ತು ಅವನಿಗೆ.

ಡಿಟಿಎನ್ ನಿಯಮಗಳಲ್ಲಿ ಸಂದೇಶಕ್ಕೆ ಮುದ್ರೆ ಹಾಕೋ ವ್ಯವಸ್ಥೆ ಇದೆ, ನಡುವಿನವರು ಒಂದಕ್ಷರ ತಿದ್ದಿದರೂ ಕೊನೆಯವನಿಗೆ ಗೊತ್ತಾಗೋ ಹಾಗೆ. ಆ ಅಧ್ಯಾಯವನ್ನ ನಾನು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬೇಕಾದ್ದಕ್ಕಿಂತ ಉದ್ದ ಬರೆದೆ. ಸಂದೇಶಕ್ಕೊಂದು ಆಯುಷ್ಯ ಬರೆಯೋ ಜಾಗವೂ ಇದೆ. ಇಷ್ಟು ಹೊತ್ತಾದ ಮೇಲೆ ಇದನ್ನ ಹೊರಬೇಡ, ಅಳಿಸಿಹಾಕು ಅಂತ. ಮೇಡಂ ಎರಡೂ ಕಡೆ ಪೆನ್ಸಿಲ್ ಗೀಟು ಎಳೆದು, ಕಡಿಮೆ ಮಾಡು ಅಂದರು. ಮಾಡಲಿಲ್ಲ.

ಯಾಕಂದರೆ ಅಪ್ಪ ಕಳಿಸಿದ ಇನ್ನೊಂದು ಪ್ರತಿ, ಕುಷ್ಟಗಿ ಬಸ್ಸಿನ ಡ್ರೈವರ್ ಹೊತ್ತಿದ್ದು, ಇನ್ನೂ ದಾರಿಯಲ್ಲೇ ಇತ್ತು. ಅಮ್ಮನ ಕಾರ್ಯ ಎಲ್ಲ ಮುಗಿದು, ಕಾಕಾ ತಲೆ ಬೋಳಿಸಿಕೊಂಡು ಮತ್ತೆ ಹಿಂಡಿಗೆ ಹೋದ ಮೇಲೆ, ಹನ್ನೊಂದನೇ ದಿನ, ಬಿಸಿಲಲ್ಲಿ ಒಬ್ಬ ಮುದುಕ ಹೊಲದ ಬದುವಿನ ಮೇಲೆ ನಡಕೊಂಡು ಬಂದನಂತೆ. ಕುಷ್ಟಗಿ ಸಂತೆಯಲ್ಲಿ ಯಾರೋ ಹೇಳಿದ್ದರು, ಅಲ್ಲಿಂದ ಹಿಂಡು ಹುಡುಕಿಕೊಂಡು ಮೂರು ಊರು ತಿರುಗಿದ್ದ. ಏದುಸಿರು ಬಿಡ್ತಾ, ‘ಯಪ್ಪಾ, ನಿಮ್ಮವ್ವಗ ಬಾಳ ಆರಾಮಿಲ್ಲಂತ, ಲಗೂನ ಹೋಗು’ ಅಂದ.

ಕಾಕಾ ಅವನನ್ನ ಬೇವಿನ ಗಿಡದ ನೆರಳಿಗೆ ಕರೆದು ಕಂಬಳಿ ಹಾಸಿ ಕೂರಿಸಿದ. ಕುರಿ ಹಾಲಿನ ಚಹಾ ಕಾಸಿ ಕೊಟ್ಟ. ತಲೆಗೆ ಸುತ್ತಿದ್ದ ರುಮಾಲು ಮಾತ್ರ ಬಿಚ್ಚಲಿಲ್ಲ.

‘ಹೂಂನ್ರಿ ಯಜ್ಜಾ, ಹೋಗ್ತೀನಿ’ ಅಂದನಂತೆ.